ಮೊದಲು ಹಿಡಿದವರಿಗೇ ಸ್ವಿಚ್ಚು

ರಾಕೆಟ್ ಕ್ಲಬ್ಬಿಗೆ ಹೊಸದಾಗಿ ಸೇರುವವರು ಅಲ್ಲಿನ ಒಂದು ನಿಯಮ ಕೇಳಿ ನಕ್ಕೇ ನಗುತ್ತಾರೆ. ಕೆಳಗಿಳಿದ ರಾಕೆಟ್ಟನ್ನು ಮೊದಲು ಯಾರು ಹಿಡಿಯುತ್ತಾರೋ, ಮುಂದಿನ ರಾಕೆಟ್ಟಿನ ಸ್ವಿಚ್ಚು ಒತ್ತುವ ಹಕ್ಕು ಅವರದು. ಅದನ್ನು ಕಟ್ಟಿದವರದಲ್ಲ, ಸಾಮಾನು ತಂದವರದಲ್ಲ, ತಲೆ ನರೆತವರದೂ ಅಲ್ಲ. ಬೇರೆ ಕಡೆಯ ಕ್ಲಬ್ಬುಗಳಲ್ಲಿ ಇಂಥದ್ದೇನೂ ಇಲ್ಲವಂತೆ. ಅಲ್ಲಿ ಅವರವರ ರಾಕೆಟ್ಟನ್ನು ಅವರವರೇ ಹಾರಿಸಿ, ಸಭ್ಯರಾಗಿ ಕೈ ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಇಲ್ಲಿ ಮಾತ್ರ ಆಕಾಶದಲ್ಲಿ ಪ್ಯಾರಾಚೂಟ್ ಬಿಚ್ಚಿಕೊಳ್ಳುವುದೇ ತಡ, ಮಾನ ಮರ್ಯಾದೆ ಉಳ್ಳ ಗಂಡಸರು ಹೆಂಗಸರೆಲ್ಲ ಚಪ್ಪಲಿ ಎಲ್ಲಿ ಬಿತ್ತೆಂಬ ಪರಿವೆಯೂ ಇಲ್ಲದೆ ಬಯಲಲ್ಲಿ ಓಡತೊಡಗುತ್ತಾರೆ.

ಈ ನಿಯಮ ಮಾಡಿದವಳು ಅಕ್ಕ. ಓಡಲು ಆಗದ ಅಕ್ಕ. ಹೇಗೆ ಮಾಡಿದಳು, ಮಾಡಿ ಹೇಗೆ ಪೇಚಿಗೆ ಸಿಕ್ಕಿಕೊಂಡಳು ಅನ್ನುವುದು ಹಳಬರಿಗೆಲ್ಲ ಗೊತ್ತು. ಹೊಸಬರಿಗೆ ಯಾರಾದರೂ ಹೇಳಬೇಕಲ್ಲ.

ಅಕ್ಕನದು ಹೊಲಿಗೆ ಅಂಗಡಿ. ಮುಂದಿನ ಕೋಣೆಯಲ್ಲಿ ಯಂತ್ರ, ಕನ್ನಡಿ, ಗಿರಾಕಿಗಳಿಗೆ ಒಂದು ಬೆಂಚು. ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಆ ಬೀದಿಯಲ್ಲಿ ಅಷ್ಟು ಉದ್ದದ ಮೇಜು ಇನ್ನೊಂದಿರಲಿಲ್ಲ. ಕ್ಲಬ್ಬು ಅವಳ ಅಂಗಡಿಯಲ್ಲಿ ಹುಟ್ಟಿದ್ದಕ್ಕೆ ಅದೊಂದೇ ಕಾರಣ. ಅವಳ ತಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಒಂದು ಸಂಜೆ ಕಂಕುಳಲ್ಲಿ ದಪ್ಪ ಕಾಗದದ ಸುರುಳಿ, ಕೈಯಲ್ಲಿ ಅಂಟಿನ ಡಬ್ಬಿ ಹಿಡಿದುಕೊಂಡು ಬಂದವರು, "ಅಕ್ಕಾ, ಮೇಜು ಸ್ವಲ್ಪ ಖಾಲಿ ಮಾಡ್ತೀಯಾ? ಒಂದೇ ಒಂದು ಗಂಟೆ," ಎಂದರು. ಆ ಒಂದು ಗಂಟೆ ಇವತ್ತಿಗೂ ಮುಗಿದಿಲ್ಲ.

ಮೇಷ್ಟ್ರ ಬೆನ್ನಿಗೆ ಇನ್ನಿಬ್ಬರು ಬಂದರು. ಒಬ್ಬ ನಿವೃತ್ತ ಬಸ್ ಡ್ರೈವರು. ಅಕ್ಕನಿಗಿಂತ ಹಿರಿಯನಾದರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ, ಅವಳು ಅವನನ್ನು ಡ್ರೈವರಣ್ಣ ಎನ್ನುತ್ತಿದ್ದಳು. ಯಾರು ದೊಡ್ಡವರು ಅನ್ನುವುದು ಇಬ್ಬರಿಗೂ ಬೇಡವಾಗಿತ್ತು. ಇನ್ನೊಬ್ಬ ಎದುರುಗಡೆ ಔಷಧಿ ಅಂಗಡಿಯವನು. ಅವನನ್ನು ಊರೆಲ್ಲ ಮಾತ್ರೆ ಎಂದೇ ಕರೆಯುತ್ತಿತ್ತು. ನಲವತ್ತು ದಾಟಿದ, ಹೊಟ್ಟೆ ಸ್ವಲ್ಪ ಮುಂದೆ ಬಂದ, ಬೆಳಗಿನಿಂದ ಸಂಜೆಯವರೆಗೆ ಕೌಂಟರಿನ ಹಿಂದೆ ನಿಂತೇ ಇರುವ ಮನುಷ್ಯ. ಊಟಕ್ಕೆ ಮುಂಚೆ, ಊಟದ ನಂತರ ಎಂದು ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ರಾಕೆಟ್ಟಿನ ವಿಜ್ಞಾನದಲ್ಲಿ ಅವನಿಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಭಾನುವಾರ ಕೌಂಟರಿನಿಂದ ತಪ್ಪಿಸಿಕೊಂಡು ಬಯಲಿಗೆ ಹೋಗಲು ಒಂದು ನೆಪ ಬೇಕಿತ್ತು, ಅಷ್ಟೆ.

ಪೊರಕೆ ಹಿಡಿಯ ಸುತ್ತ ಕಾಗದ ಸುತ್ತಿ ಅಂಟು ಹಾಕಿದರೆ ರಾಕೆಟ್ಟಿನ ಮೈ. ತೆಳು ಹಲಗೆ ಕೊಯ್ದು ಅಂಟಿಸಿದರೆ ಕೆಳಗಿನ ರೆಕ್ಕೆಗಳು. ಮೂತಿಯನ್ನು ಡ್ರೈವರಣ್ಣ ಹಗುರ ಮರದಲ್ಲಿ ಕೆತ್ತಿ, ಮಗುವಿನ ಕೆನ್ನೆಯಷ್ಟು ನುಣ್ಣಗೆ ಉಜ್ಜಿ ತರುತ್ತಿದ್ದ. ಹೊಟ್ಟೆಯೊಳಗಿನ ಮದ್ದಿನ ಮೋಟಾರನ್ನು ಮಾತ್ರ ಸಿದ್ಧಮಾಡಿದ್ದನ್ನೇ ದೂರದ ಅಂಗಡಿಯಿಂದ ತರಿಸಬೇಕಿತ್ತು. ಮದ್ದನ್ನು ತಾವೇ ಕಲಸೋಣ ಎಂದು ಯಾರಾದರೂ ಬಾಯಿ ಬಿಟ್ಟರೆ ಡ್ರೈವರಣ್ಣ ಎದ್ದು ನಿಲ್ಲುತ್ತಿದ್ದ. "ಒಂದು ಜನ್ಮಪೂರ್ತಿ ಬಸ್ಸು ಓಡಿಸಿದೀನಿ, ಒಂದು ಕೋಳಿ ಸತ್ತಿಲ್ಲ. ಈಗ ಮುಪ್ಪಿನಲ್ಲಿ ನಿಮ್ಮ ಬೆರಳು ಹೆಕ್ಕಿಕೊಂಡು ಓಡಾಡ್ಲಾ?" ಹೀಗಾಗಿ ಸುರಕ್ಷತೆಯ ಜವಾಬ್ದಾರಿ ಅವನ ಹೆಗಲಿಗೇ ಬಿತ್ತು. ಬಯಲಿನಲ್ಲಿ ಅವನು ಹೇಳಿದ್ದೇ ಕೊನೆಯ ಮಾತು. ಮೇಷ್ಟ್ರೂ ಅದಕ್ಕೆ ತಲೆಬಾಗುತ್ತಿದ್ದರು.

ಪ್ಯಾರಾಚೂಟ್ ಅಕ್ಕನ ಪಾಲಿಗೆ ಬಂತು. ಕೋಟಿನ ಒಳಗೆ ಹಾಕುವ ತೆಳುವಾದ ನೈಲಾನ್ ಅಸ್ತರನ್ನು ದುಂಡಗೆ ಕತ್ತರಿಸಿ, ಸುತ್ತಲೂ ಸಣ್ಣ ಮಡಿಕೆ ಹೊಲಿದು, ದಾರ ಕಟ್ಟಿದಳು. ಮೇಲೆ ಹೋದ ರಾಕೆಟ್ಟಿನ ಉಸಿರು ನಿಂತಾಗ ಒಳಗಿನ ಮೋಟಾರು ಟಪ್ ಎಂದು ಇನ್ನೊಂದು ಸಲ ಸಿಡಿದು ಮೂತಿಯನ್ನು ತಳ್ಳುತ್ತದೆ, ಆಗ ಪ್ಯಾರಾಚೂಟ್ ಹೊರಗೆ ಬಂದು ಅರಳಿಕೊಳ್ಳುತ್ತದೆ ಎಂದು ಮೇಷ್ಟ್ರು ವಿವರಿಸಿದ್ದರು. ಅಕ್ಕ ಗಮನವಿಟ್ಟು ಕೇಳಿ, ಶನಿವಾರ ಸಂಜೆ ಅದನ್ನು ಒಪ್ಪವಾಗಿ ಮಡಿಸಿ, ಮೇಲೆ ಬಿಸಿ ಇಸ್ತ್ರಿ ಎಳೆದು, ಅಂಚಿಗೆ ಅಂಚು ಕೂಡುವಂತೆ ಗರಿಗರಿ ಮಾಡಿ ಕೊಳವೆಯೊಳಗೆ ಇಟ್ಟಳು. ಅವಳ ಅಂಗಡಿಯಿಂದ ಇಸ್ತ್ರಿ ಇಲ್ಲದ ಬಟ್ಟೆ ಯಾವತ್ತೂ ಹೊರಗೆ ಹೋಗಿರಲಿಲ್ಲ.

ಮಾರನೆಯ ಬೆಳಗ್ಗೆ ರಾಕೆಟ್ಟು ಚೆನ್ನಾಗಿಯೇ ಮೇಲೆ ಹೋಯಿತು. ಟಪ್ ಎಂದಿತು. ಪ್ಯಾರಾಚೂಟ್ ಹೊರಗೂ ಬಂತು. ಆದರೆ ಮಡಿಸಿದ ಕರವಸ್ತ್ರದ ಹಾಗೆ ಬಂದು, ಹಾಗೇ ಉಳಿದು, ಒಂದು ಮಡಿಕೆಯನ್ನೂ ಬಿಚ್ಚದೆ ರಾಕೆಟ್ಟಿನ ಜೊತೆ ನೇರ ನೆಲಕ್ಕೆ ಬಿತ್ತು. ಮೂತಿ ಮಣ್ಣಿನೊಳಗೆ ಹೂತುಕೊಂಡಿತು. ಡ್ರೈವರಣ್ಣ ಹೋಗಿ ಬಟ್ಟೆಯನ್ನು ಎತ್ತಿ, ಅದರ ಅಂಚುಗಳನ್ನು ಬೆರಳಲ್ಲಿ ಸವರಿ ನೋಡಿದ.

"ಅಕ್ಕಾ, ಇದು ಆಕಾಶಕ್ಕೆ ಹೋಗೋದು. ಆಫೀಸಿಗಲ್ಲ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕಳು, ಆದರೆ ಅಂಗಡಿಗೆ ಹೋಗಿ ಇಸ್ತ್ರಿಪೆಟ್ಟಿಗೆಯ ಕಡೆ ಒಂದು ಕೆಟ್ಟ ನೋಟ ಬೀರಿದಳು. ಅಂದಿನಿಂದ ಪ್ಯಾರಾಚೂಟನ್ನು ಬಯಲಿನಲ್ಲಿಯೇ, ಹಾರಿಸುವುದಕ್ಕೆ ಸ್ವಲ್ಪ ಮುಂಚೆ, ಮಾತ್ರೆಯ ಅಂಗಡಿಯ ಮಕ್ಕಳ ಪೌಡರು ಉದುರಿಸಿ ಸಡಿಲವಾಗಿ ತುಂಬುವುದು ಅಭ್ಯಾಸವಾಯಿತು. ಅದು ಅವಳಿಗೆ ಸುಲಭವಾಗಿರಲಿಲ್ಲ. ಬಟ್ಟೆಯನ್ನು ಮುದ್ದೆ ಮಾಡಿ ತುರುಕುವಾಗೆಲ್ಲ ಅವಳ ಮುಖ ಹುಳಿ ತಿಂದ ಹಾಗಾಗುತ್ತಿತ್ತು.

ಪೌಡರು ಬಂದ ಮೇಲೆ ಪ್ಯಾರಾಚೂಟುಗಳು ಅರಳಿದವು, ಅರಳಿದ ಮೇಲೆ ಹಾರಿಹೋಗತೊಡಗಿದವು. ಗಾಳಿ ಬೀಸಿದ ಕಡೆ ತೇಲಿ, ಬಯಲಿನ ತುದಿಯ ಮುಳ್ಳುಪೊದೆಗಳಲ್ಲೋ ಆಚೆಯ ಜೌಗಿನಲ್ಲೋ ಇಳಿಯುತ್ತಿದ್ದವು. ಬಿಸಿಲಲ್ಲಿ ಹೋಗಿ ತರುವವರು ಯಾರು? ಮೇಷ್ಟ್ರಿಗೆ ಹಾರಿದ್ದರ ಲೆಕ್ಕಾಚಾರ ಬೇಕು, ಡ್ರೈವರಣ್ಣನಿಗೆ ರಾಕೆಟ್ಟು ಹೊತ್ತಿಸುವ ಬ್ಯಾಟರಿ ಬಿಟ್ಟು ಬರಲಾಗದು, ಮಾತ್ರೆಗೆ ನೆರಳು ಬೇಕು. ಅಕ್ಕ ಹೊಲಿದ ಒಳ್ಳೊಳ್ಳೆಯ ಪ್ಯಾರಾಚೂಟುಗಳು ಮುಳ್ಳಿಗೆ ಸಿಕ್ಕಿ ಹರಿಯತೊಡಗಿದಾಗ ಅವಳ ತಾಳ್ಮೆಯೂ ಹರಿಯಿತು. ಒಂದು ಸಂಜೆ ಮೇಜಿನ ಮೇಲೆ ಕತ್ತರಿಯನ್ನು ಕಟ್ ಎಂದು ಇಟ್ಟು ಹೇಳಿದಳು.

"ನೋಡಿ, ಎಲ್ಲರಿಗೂ ಸ್ವಿಚ್ಚು ಒತ್ತೋದಂದ್ರೆ ಪ್ರಾಣ. ತರೋದಂದ್ರೆ ಸಂಕಟ. ಇನ್ಮೇಲೆ ರಾಕೆಟ್ಟನ್ನ ಮೊದಲು ಹಿಡಿದವರಿಗೇ ಮುಂದಿನ ಸ್ವಿಚ್ಚು. ಬಾಕಿಯವರು ಬಾಯಿ ನೋಡ್ಕೊಂಡು ನಿಂತ್ಕೊಳ್ಳಿ."

ಸ್ವಿಚ್ಚು ಎಂದರೆ ಬೇರೇನಲ್ಲ, ಯಾರದೋ ಮನೆಯ ಹಳೆಯ ಕರೆಗಂಟೆಯದು. ಅದನ್ನು ಒಂದು ಮರದ ಪೆಟ್ಟಿಗೆಗೆ ಬಿಗಿದು, ಸ್ಕೂಟರಿನ ಬ್ಯಾಟರಿಗೆ ತಂತಿ ಜೋಡಿಸಿದ್ದರು. ಒತ್ತಿದರೆ ಗಂಟೆಯ ಬದಲು ರಾಕೆಟ್ಟು. ಅದನ್ನು ಒತ್ತಲು ದೊಡ್ಡವರೂ ಮಕ್ಕಳ ಹಾಗೆ ಜಗಳಾಡುತ್ತಿದ್ದರು. ಅಕ್ಕನ ನಿಯಮ ಕೇಳಿ ಡ್ರೈವರಣ್ಣ, "ಸೈ," ಎಂದ. ಅಲ್ಲಿಗೆ ಕಾನೂನಾಯಿತು.

ಮುಂದಿನ ಭಾನುವಾರವೇ ಮಾತ್ರೆಯ ಮೈಯಲ್ಲಿ ಅಡಗಿದ್ದ ಯಾವನೋ ಓಟಗಾರ ಎದ್ದು ಬಂದ. ರಾಕೆಟ್ಟು ಇನ್ನೂ ಆಕಾಶದಲ್ಲಿ ತೂಗಾಡುತ್ತಿರುವಾಗಲೇ ಇವನು ಪ್ಯಾಂಟು ಮಡಿಚಿಕೊಂಡು, ಹೊಟ್ಟೆ ಕುಣಿಸುತ್ತ, ಕಲ್ಲು ಮುಳ್ಳೆನ್ನದೆ ಓಡಿದ. ಗೆದ್ದು ತಂದ. ಅಂದಿನಿಂದ ಒಂದೂ ಪ್ಯಾರಾಚೂಟ್ ಕಳೆಯಲಿಲ್ಲ. ಮೇಷ್ಟ್ರೂ ಓಡಿದರು. ಬೇಕರಿಯ ಗಂಡ ಹೆಂಡತಿ ಸೇರಿಕೊಂಡರು. ಅವರಲ್ಲಿ ಹೆಂಡತಿ ಓಡುವುದನ್ನು ನೋಡಬೇಕಿತ್ತು, ಗಂಡ ಹಿಂದಿನಿಂದ ಅವಳ ಚಪ್ಪಲಿ ಹಿಡಿದುಕೊಂಡು ಬರುತ್ತಿದ್ದ. ಡ್ರೈವರಣ್ಣನೂ ಒಂದು ಸಲ, ರಾಕೆಟ್ಟು ತನ್ನ ಪಕ್ಕದಲ್ಲೇ ಇಳಿದಾಗ, ಸುಮ್ಮನೆ ಕೈ ಚಾಚಿ ಹಿಡಿದು, ಸ್ವಿಚ್ಚು ಒತ್ತಿದ. ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಒತ್ತಿದರು. ಅಕ್ಕನೊಬ್ಬಳು ಒತ್ತಲಿಲ್ಲ.

ಅವಳ ಎಡಗಾಲು ಚಿಕ್ಕಂದಿನ ಒಂದು ಜ್ವರದಲ್ಲಿ ಸೊರಗಿದ್ದು, ಮತ್ತೆ ಬೆಳೆಯಲಿಲ್ಲ. ಕೋಲು ಹಿಡಿದು ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ, ಹೊಲಿಗೆ ಯಂತ್ರವನ್ನು ಒಂದೇ ಕಾಲಲ್ಲಿ ತುಳಿಯುತ್ತಾಳೆ. ಓಡುವುದೊಂದು ಆಗದು. ಅದಕ್ಕೆ ಅವಳು ಎಂದೂ ಕಣ್ಣೀರು ಹಾಕಿದವಳಲ್ಲ. ಆದರೆ ಈ ಸ್ವಿಚ್ಚು ಅವಳ ಮನಸ್ಸಿನಲ್ಲಿ ಹೊಕ್ಕು ಕೂತುಬಿಟ್ಟಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುವಾಗ ಒಂದು ಬೆರಳು ಒತ್ತಿದ್ದಕ್ಕೆ ಅಷ್ಟು ದೊಡ್ಡ ಸದ್ದಿನೊಂದಿಗೆ ಏನೋ ಒಂದು ಮೇಲೆ ಚಿಮ್ಮುವುದು! ತನ್ನ ಬೆರಳಿನಿಂದಲೂ ಒಂದು ಸಲ ಹಾಗಾಗಬೇಕು ಎಂದು ಅವಳಿಗೆ ಆಸೆಯಾಗಿತ್ತು. ಹೇಳಿಕೊಳ್ಳಲು ನಾಚಿಕೆ. ತಾನೇ ಮಾಡಿದ ನಿಯಮವನ್ನು ತಾನೇ ಮುರಿಯಿರಿ ಎನ್ನುವುದಂತೂ ಸಾಧ್ಯವೇ ಇರಲಿಲ್ಲ.

ತಮ್ಮನಿಗೆ ಅದು ತಿಳಿಯದೆ ಇರಲಿಲ್ಲ. ಒಂದು ದಿನ ಬಯಲಿನಲ್ಲಿ ಪೆಟ್ಟಿಗೆಯನ್ನು ಅವಳ ಮುಂದೆ ಹಿಡಿದು, "ಅಕ್ಕಾ, ಇವತ್ತು ನೀನೇ ಒತ್ತು. ಯಾರೇನು ಅಂತಾರೆ?" ಎಂದರು.

"ನಾನು ಅಂತೀನಿ. ನಿಯಮ ಅಂದ್ಮೇಲೆ ನಿಯಮ. ತಗೊಂಡ್ಹೋಗು."

ಮೇಷ್ಟ್ರು ಪೆಚ್ಚಾಗಿ ಹಿಂದೆ ಸರಿದರು. ಅವರಿಗೂ ನೆನಪಿತ್ತು. ಚಿಕ್ಕಂದಿನಲ್ಲಿ ಬೀದಿಯ ಮಕ್ಕಳೆಲ್ಲ ಮುಟ್ಟಾಟ ಆಡುವಾಗ ಅಕ್ಕನನ್ನೂ ಸೇರಿಸಿಕೊಳ್ಳುತ್ತಿದ್ದರು, ಆದರೆ ಅವಳು ಲೆಕ್ಕಕ್ಕಿಲ್ಲ. ಅವಳು ಹತ್ತಿರ ಬಂದರೆ ಎಲ್ಲರೂ ಬೇಕೆಂದೇ ಕಾಲು ಎಳೆಯುತ್ತ ನಿಧಾನವಾಗಿ ಓಡುತ್ತಿದ್ದರು, ಮುಟ್ಟಿಸಿಕೊಳ್ಳುತ್ತಿದ್ದರು, ಅಯ್ಯೋ ಸೋತೆ ಎಂದು ನಟಿಸುತ್ತಿದ್ದರು. ಮನೆಯವರು ಹಾಗೆ ಮಾಡಿ ಎಂದು ಹೇಳಿಕೊಟ್ಟಿದ್ದರು. ಎಲ್ಲರಿಗಿಂತ ನಿಧಾನವಾಗಿ ಓಡುತ್ತಿದ್ದವರು ಈ ತಮ್ಮನೇ. ಅಕ್ಕ ಸ್ವಲ್ಪ ದೊಡ್ಡವಳಾದ ಮೇಲೆ, ನನಗೆ ಆಟ ಬೇಡ, ನಿಮ್ಮ ಚಪ್ಪಲಿ ಕಾಯ್ತೀನಿ ಎಂದು ಜಗಲಿಯ ಮೇಲೆ ಕೂತುಬಿಟ್ಟಳು. ಗೆದ್ದಷ್ಟೂ ಹೊಟ್ಟೆ ಉರಿಯುವ ಆಟ ಯಾರಿಗೆ ಬೇಕು?

ಮಾತ್ರೆಗೆ ಈ ಕತೆಯೆಲ್ಲ ಗೊತ್ತಿರಲಿಲ್ಲ. ಅವನದು ಮೆತ್ತನೆಯ ಮನಸ್ಸು. ಒಂದು ಭಾನುವಾರ ಗಾಳಿ ಕಡಿಮೆಯಿತ್ತು. ರಾಕೆಟ್ಟು ಬಯಲಿನಲ್ಲಿ ಅಕ್ಕ ಕೂರುವ ಕುರ್ಚಿಯಿಂದ ಸ್ವಲ್ಪ ಆಚೆ, ಒಂದು ದಿಬ್ಬದ ಹಿಂದೆ ಇಳಿಯಿತು. ಮಾತ್ರೆ ಎಂದಿನಂತೆ ಓಡಿಹೋದ. ಕುರ್ಚಿಯ ಹಿಂದಿನಿಂದ ಬಳಸಿ ಬರಿಗೈಯಲ್ಲಿ ವಾಪಸು ಬಂದು, "ಕಾಣಿಸ್ತಿಲ್ಲಪ್ಪ, ಎಲ್ಲಿ ಬಿತ್ತೋ," ಎಂದು ಆಕಾಶ ನೋಡಿದ. ಅಕ್ಕ ಎದ್ದು ನಾಲ್ಕು ಹೆಜ್ಜೆ ಹಾಕಿದಳೋ ಇಲ್ಲವೋ, ಕುರ್ಚಿಯ ಹಿಂದಿನ ಹುಲ್ಲಿನಲ್ಲಿ ರಾಕೆಟ್ಟು ಮಲಗಿತ್ತು. ಪ್ಯಾರಾಚೂಟನ್ನು ಯಾರೋ ಚೆನ್ನಾಗಿ ಹರಡಿ ಇಟ್ಟಿದ್ದರು.

"ಅಯ್ಯೋ, ಅಕ್ಕನಿಗೇ ಸಿಕ್ತು!" ಎಂದು ಮಾತ್ರೆ ಚಪ್ಪಾಳೆ ತಟ್ಟಿದ. ಬೇಕರಿಯವರೂ ತಟ್ಟಿದರು.

ಅಕ್ಕನ ಕಣ್ಣು ಕೆಂಪಾಯಿತು. ಅವಳು ರಾಕೆಟ್ಟನ್ನು ಮುಟ್ಟಲಿಲ್ಲ.

"ಯಾರು ಇಟ್ಟಿದ್ದು?"

ಮಾತ್ರೆಯ ಕಿವಿ ಕೆಂಪಗಾಗಿತ್ತು. ಅಂಥ ಕಿವಿ ಇಟ್ಟುಕೊಂಡು ಕಳ್ಳತನ ಮಾಡಬಾರದು.

"ನೋಡು ಮಾತ್ರೆ," ಎಂದಳು ಅಕ್ಕ. "ನಿನ್ನ ಮನಸ್ಸು ಒಳ್ಳೇದು, ನನಗ್ಗೊತ್ತು. ಆದ್ರೆ ಇಂಥ ಉಪಕಾರ ನನಗೆ ಚಿಕ್ಕಂದಿನಿಂದ ಸಾಕುಬೇಕಾಗಿದೆ. ನನ್ನ ಜೊತೆ ಓಡೋದಾದ್ರೆ ಸರಿಯಾಗಿ ಓಡು. ಇಲ್ಲಾಂದ್ರೆ ಓಡ್ಲೇಬೇಡ. ಹೀಗೆ ಭಿಕ್ಷೆ ಹಾಕಬೇಡ."

ಮಾತ್ರೆ ಅಳುವ ಹಾಗಾದ. "ತಪ್ಪಾಯ್ತು ಅಕ್ಕ," ಎಂದ. ಆ ದಿನ ಯಾರೂ ಇನ್ನೊಂದು ರಾಕೆಟ್ಟು ಹಾರಿಸಲಿಲ್ಲ. ಸಾಮಾನು ಕಟ್ಟಿಕೊಂಡು ಬರುವಾಗ ದಾರಿಯುದ್ದಕ್ಕೂ ಡ್ರೈವರಣ್ಣ ಮಾತ್ರ ಏನೋ ಗುನುಗುತ್ತಿದ್ದ, ಅವನಿಗೆ ಮೌನ ಆಗಿಬರುತ್ತಿರಲಿಲ್ಲ.

ಸಿಟ್ಟು ಇಳಿದ ಮೇಲೆ ಅಕ್ಕನಿಗೆ ನಾಚಿಕೆಯಾಯಿತು, ನಾಚಿಕೆ ಇಳಿದ ಮೇಲೆ ಹಟ ಬಂತು. ಸ್ವಿಚ್ಚು ಬೇಕು. ಬಿಟ್ಟಿಯಾಗಿ ಬೇಡ. ಕಾಲು ರಾಕೆಟ್ಟಿನ ಹತ್ತಿರ ಹೋಗದಿದ್ದರೆ ರಾಕೆಟ್ಟೇ ಕಾಲಿನ ಹತ್ತಿರ ಬರಲಿ! ಬಟ್ಟೆಯ ವಿಷಯದಲ್ಲಾದರೂ ಅವಳ ಕೈ ಯಾರಿಗೂ ಸೋತದ್ದಲ್ಲ.

ಪ್ಯಾರಾಚೂಟ್ ಯಾಕೆ ಅಷ್ಟು ದೂರ ತೇಲುತ್ತದೆ? ಗಾಳಿಯನ್ನು ಹೊಟ್ಟೆತುಂಬ ಹಿಡಿದುಕೊಳ್ಳುತ್ತದೆ, ಹೊರಗೆ ಬಿಡಲು ದಾರಿಯಿಲ್ಲ. ಅಂಗಿಗೆ ಕತ್ತು ತೆಗೆಯುವ ಹಾಗೆ ಬಟ್ಟೆಯನ್ನು ನಾಲ್ಕಾಗಿ ಮಡಿಸಿ, ನಡುವಿನ ಮೂಲೆಯನ್ನು ಕತ್ತರಿಸಿ ತೂತು ಮಾಡಿದಳು. ಮೊದಲ ತೂತು ವಿಪರೀತ ದೊಡ್ಡದಾಯಿತು. ರಾಕೆಟ್ಟು ಕಲ್ಲಿನಂತೆ ಬಿದ್ದು ರೆಕ್ಕೆ ಮುರಿದುಕೊಂಡಿತು. ಡ್ರೈವರಣ್ಣ ಅದರ ಮೂತಿಯನ್ನು ಕೈಯಲ್ಲಿ ಹಿಡಿದು, ಮೊಮ್ಮಗುವಿಗೆ ಪೆಟ್ಟಾದಂತೆ ಊದಿದ. ಎರಡನೆಯದನ್ನು ಚಿಕ್ಕದಾಗಿ ಕತ್ತರಿಸಿ, ಅಂಚಿಗೆ ಪಟ್ಟಿ ಕೊಟ್ಟು ಹೊಲಿದಳು. ಅದು ತೂಗಾಡದೆ, ತೇಲದೆ, ಗಂಭೀರವಾಗಿ ಕೆಳಗಿಳಿಯಿತು.

"ಸರಿಯಾಗಿದೆ ಅಕ್ಕ," ಎಂದರು ಮೇಷ್ಟ್ರು. "ಪುಸ್ತಕದಲ್ಲೂ ಹೀಗೇ ನಡುವೆ ತೂತು ಬಿಡಬೇಕು ಅಂತ ಬರೆದಿದಾರೆ."

ಅಕ್ಕ ಕೋಲನ್ನು ನೆಲಕ್ಕೆ ಕುಟ್ಟಿದಳು. "ಗೊತ್ತಿದ್ದೂ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೋ?"

"ನೀನು ಕೇಳ್ಲಿಲ್ಲ. ನಾನು ಏನಾದ್ರೂ ಹೇಳಿದ್ರೆ, ಬಟ್ಟೆ ವಿಷಯ ನನಗೆ ಬಿಡು ಅಂತಿದ್ದೆ."

ಅದು ನಿಜವೇ ಆದ್ದರಿಂದ ಅಕ್ಕ ಮಾತು ಬದಲಿಸಿದಳು. ಆ ಸಂಜೆ ಕ್ಲಬ್ಬಿನವರೆಲ್ಲ ಮೇಜಿನ ಸುತ್ತ ಕೂತಿರುವಾಗ ಅವಳು ಒಳಗೊಂದು ಹೊರಗೊಂದು ಇಟ್ಟುಕೊಳ್ಳದೆ ಹೇಳಿಬಿಟ್ಟಳು. "ನನಗೆ ಸ್ವಿಚ್ಚು ಒತ್ತಬೇಕು. ಓಡಿ ಹಿಡಿಯೋಕೆ ಆಗಲ್ಲ. ಅದಕ್ಕೇ ಹತ್ತಿರ ಇಳಿಯೋ ಹಾಗೆ ಮಾಡಿದೀನಿ. ಇದು ಮೋಸ ಅನ್ನೋರು ಈಗ್ಲೇ ಅನ್ನಿ."

ಆಸೆಯನ್ನು ಬಾಯಿಬಿಟ್ಟು ಹೇಳಿದ್ದು ಯಾವ ಕಾಲದಲ್ಲೋ. ಮೇಷ್ಟ್ರು ನೆಲ ನೋಡಿದರು. ಬೇಕರಿಯವಳು ಮೂಗು ಒರೆಸಿಕೊಂಡಳು. ಡ್ರೈವರಣ್ಣ ಗಡ್ಡ ಕೆರೆದುಕೊಂಡು, "ದೂರ ಇಳಿಯಬೇಕು ಅಂತ ನಿಯಮ ಇಲ್ಲವಲ್ಲ. ಮೋಸ ಹೇಗಾಗುತ್ತೆ?" ಎಂದ.

ಮಾತ್ರೆ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಯೋಚಿಸುತ್ತಿದ್ದ. "ಹತ್ತಿರ ಇಳಿದ್ರೆ ನಾನೂ ಹತ್ತಿರದಿಂದಲೇ ಓಡ್ತೀನಿ, ಅಲ್ವಾ?" ಎಂದು ಕೇಳಿದ.

"ಓಡಪ್ಪ. ಯಾರು ಬೇಡ ಅಂದ್ರು?" ಎಂದಳು ಅಕ್ಕ.

ಆ ಭಾನುವಾರ ಗಾಳಿ ಹಿತವಾಗಿತ್ತು. ಮೇಷ್ಟ್ರು ರಾಕೆಟ್ಟು ನಿಲ್ಲಿಸುವ ಸರಳನ್ನು ಗಾಳಿ ಬರುವ ದಿಕ್ಕಿಗೆ ಒಂಚೂರು ವಾಲಿಸಿದರು. ಹಾಗೆ ಮಾಡಿದರೆ ಅದು ಆಚೆ ಹೋಗಿ, ಗಾಳಿಯ ಜೊತೆ ಈಚೆಗೆ ತೇಲಿ ಬಂದು, ನಿಂತವರ ಹತ್ತಿರವೇ ಇಳಿಯುತ್ತದೆ. ಡ್ರೈವರಣ್ಣ ಎಲ್ಲರನ್ನೂ ತಂತಿಯ ಉದ್ದದಷ್ಟು ಹಿಂದಕ್ಕೆ ಸರಿಸಿ, ನೆಲದಲ್ಲಿ ಗೆರೆ ಎಳೆದು, ಹಾರುವವರೆಗೆ ಯಾರೂ ಅದನ್ನು ದಾಟಬಾರದು ಎಂದು ಅಬ್ಬರಿಸಿದ. ಸ್ವಿಚ್ಚು ಹಿಂದಿನ ಸಲ ಗೆದ್ದ ಬೇಕರಿಯವಳದು. ಹತ್ತರಿಂದ ಸೊನ್ನೆಗೆ ಎಣಿಸಿದರು. ಸುಯ್ಯೆಂದು ಹೊಗೆಯ ಗೆರೆ ಎಳೆದುಕೊಂಡು ರಾಕೆಟ್ಟು ಮೇಲೇರಿತು, ಚುಕ್ಕಿಯಾಯಿತು, ಟಪ್ ಎಂದಿತು, ಅಕ್ಕನ ಬಿಳಿ ಪ್ಯಾರಾಚೂಟ್ ಅರಳಿತು. ನೆಟ್ಟಗೆ, ಅವರ ಕಡೆಗೇ, ಇಳಿಯುತ್ತ ಬಂತು.

ಅಕ್ಕ ಕುರ್ಚಿ ಬಿಟ್ಟು ಹೊರಟಾಗಿತ್ತು. ಕೋಲು ಊರಿ, ಕಾಲು ಎಳೆದು, ಮತ್ತೆ ಕೋಲು ಊರಿ, ಕಣ್ಣು ಮೇಲಿಟ್ಟುಕೊಂಡೇ ನಡೆದಳು. ಮೇಷ್ಟ್ರು ಕದಲಲಿಲ್ಲ. ಬೇಕರಿಯವರು ಕದಲಲಿಲ್ಲ. ಇವತ್ತು ಇದು ಅಕ್ಕನದು ಎಂದು ಎಲ್ಲರೂ ಮನಸ್ಸಿನಲ್ಲೇ ನಿರ್ಧರಿಸಿದಂತೆ ಸುಮ್ಮನೆ ನಿಂತಿದ್ದರು. ಅಕ್ಕನಿಗೆ ಬೆನ್ನ ಹಿಂದಿನ ಆ ನಿಶ್ಶಬ್ದ ಕೇಳಿಸಿತು. ಅವಳ ಮನಸ್ಸು ಮುದುಡಿತು. ಮತ್ತೆ ಅದೇ ಆಟ. ಎಲ್ಲರೂ ಕಾಲು ಎಳೆಯುತ್ತಿದ್ದಾರೆ. ಮುಟ್ಟಿದರೂ ಏನು ಬಂತು?

ಅಷ್ಟರಲ್ಲಿ ಎಡಗಡೆಯಿಂದ ದಪದಪ ಸದ್ದು. ಪ್ಯಾಂಟು ಮೊಣಕಾಲಿಗೆ ಏರಿಸಿಕೊಂಡು, ಹಲ್ಲು ಕಚ್ಚಿ, ಪ್ರಾಣದ ಹಂಗು ಬಿಟ್ಟವನಂತೆ ಮಾತ್ರೆ ಓಡಿಬರುತ್ತಿದ್ದ.

"ಲೇ ಮಾತ್ರೆ! ನಿಂಗೇನಾದ್ರೂ ಬುದ್ಧಿ ಇದೆಯಾ? ನಿಲ್ಲೋ!" ಎಂದು ಬೇಕರಿಯವಳು ಕೂಗಿದಳು.

ಅವನು ನಿಲ್ಲಲಿಲ್ಲ. ಅಕ್ಕ ಒಮ್ಮೆ ಅವನ ಕಡೆ ನೋಡಿದಳು. ನಟನೆಯಿಲ್ಲ. ಕರುಣೆಯಿಲ್ಲ. ಅವನ ಕಣ್ಣು ಆಕಾಶದಿಂದ ಇಳಿಯುತ್ತಿದ್ದ ಬಿಳಿ ಬಟ್ಟೆಯ ಮೇಲೆ ನೆಟ್ಟಿತ್ತು, ಅಕ್ಕ ಎಂಬವಳು ಅಲ್ಲಿ ಇದ್ದಾಳೆಂಬುದೂ ಅವನಿಗೆ ಬೇಕಿರಲಿಲ್ಲ. ಅಕ್ಕನ ಮೈಯಲ್ಲಿ ಬಿಸಿ ರಕ್ತ ಏರಿತು. ಬಿಟ್ಟರೆ ಇವನು ಹಿಡಿದೇ ಬಿಡುತ್ತಾನೆ! ಅವಳು ಇನ್ನಷ್ಟು ಜೋರಾಗಿ ಕೋಲು ಊರಿದಳು. ಇಷ್ಟು ವರ್ಷದಲ್ಲಿ ಅಷ್ಟು ಬೇಗ ಅವಳು ಯಾವತ್ತೂ ನಡೆದಿರಲಿಲ್ಲ.

ರಾಕೆಟ್ಟು ನೆಲ ಮುಟ್ಟಿತು. ಆದರೆ ಗಾಳಿ ಪ್ಯಾರಾಚೂಟನ್ನು ಬಿಡಲಿಲ್ಲ. ಅದು ಉಬ್ಬಿಕೊಂಡು, ರಾಕೆಟ್ಟನ್ನು ಹಿಂದೆ ಎಳೆದುಕೊಂಡು, ಹುಲ್ಲಿನ ಮೇಲೆ ಜಾರುತ್ತ ಅಕ್ಕನ ಮುಂದೆಯೇ ಹಾದುಹೋಗತೊಡಗಿತು. ಅಕ್ಕ ಬಾಗಲು ಹೋಗಲಿಲ್ಲ. ಬಾಗಿದರೆ ಬೀಳುತ್ತಾಳೆ. ಒಂದು ಕಾಲ ಮೇಲೆ ಭಾರ ಹಾಕಿ, ಕೋಲನ್ನು ಎತ್ತಿ, ಬಿಳಿ ಬಟ್ಟೆಯ ಅಂಚಿನ ಮೇಲೆ ಕುಕ್ಕಿ ನಿಲ್ಲಿಸಿದಳು. ಅದೇ ಉಸಿರಿಗೆ ಮಾತ್ರೆ ದೊಪ್ಪೆಂದು ಹುಲ್ಲಿನ ಮೇಲೆ ಬಿದ್ದು ರಾಕೆಟ್ಟಿನ ಮೈಯನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ನಂದು!" ಎಂದ ಅವನು, ಏದುಸಿರಿನ ನಡುವೆ.

"ನಂದು! ನಾನು ಮೊದಲು ಹಿಡಿದೆ!" ಎಂದಳು ಅಕ್ಕ.

"ಎಲ್ಲಿ ಹಿಡಿದ್ರಿ? ಕೋಲು ಹಿಡೀತು. ಕೈಯಲ್ಲಿ ಹಿಡಿದವನು ನಾನು."

"ನೀನು ನಿನ್ನ ಕಾಲಲ್ಲಿ ಬಂದೆ, ನಾನು ಇದರಲ್ಲಿ ಬಂದೆ. ನಿನ್ನ ಕಾಲು ಲೆಕ್ಕಕ್ಕಿದ್ರೆ ನನ್ನ ಕೋಲು ಯಾಕಿಲ್ಲ?"

"ಅದು ಬರೀ ಪ್ಯಾರಾಚೂಟು! ರಾಕೆಟ್ಟು ನನ್ನ ಕೈಯಲ್ಲಿದೆ!"

"ಪ್ಯಾರಾಚೂಟ್ ಬಿಟ್ಟು ಹಾರಿಸಿ ನೋಡು, ಆಗ ಗೊತ್ತಾಗುತ್ತೆ ರಾಕೆಟ್ಟು ಯಾವುದು ಅಂತ!"

ಮೇಷ್ಟ್ರು ಗಾಬರಿಯಾಗಿ ಓಡಿಬಂದರು. "ಏನು ಮಾತ್ರೆ ಇದು, ಸ್ವಲ್ಪ ನಾಚಿಕೆ ಬೇಡ್ವಾ? ಅಕ್ಕನಿಗೆ ಬಿಟ್ಟುಕೊಡಬಾರ್ದಾ?"

"ನೀನು ಬಾಯಿ ಮುಚ್ಕೊಂಡಿರು!" ಎಂದು ಅಕ್ಕ ತಮ್ಮನ ಮೇಲೆ ಹರಿಹಾಯ್ದಳು. "ಇದು ನಮ್ಮಿಬ್ಬರ ಮಧ್ಯೆ. ಅವನು ಯಾಕೆ ಬಿಟ್ಟುಕೊಡಬೇಕು? ಡ್ರೈವರಣ್ಣಾ, ನೀವು ಹೇಳಿ!"

ಡ್ರೈವರಣ್ಣ ನಿಧಾನವಾಗಿ ಬಂದು ಇಬ್ಬರನ್ನೂ ನೋಡಿದ. ಒಬ್ಬ ಹುಲ್ಲಲ್ಲಿ ಬೋರಲು ಬಿದ್ದಿದ್ದಾನೆ, ಒಬ್ಬಳು ಕೋಲು ನೆಟ್ಟು ನಿಂತಿದ್ದಾಳೆ. ಇಬ್ಬರ ಮುಖವೂ ಕೆಂಡ. ಅಪಘಾತದ ಜಾಗ ನೋಡುವವನಂತೆ ಅವನು ಸುತ್ತಲೂ ಒಂದು ಸುತ್ತು ಹಾಕಿದ.

"ಮಾತ್ರೆ, ಎದೆ ಮುಟ್ಟಿ ಹೇಳು. ಮೊದಲು ಬಿದ್ದದ್ದು ಕೋಲೋ, ನೀನೋ?"

ಮಾತ್ರೆ ರಾಕೆಟ್ಟನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ. ಕೊನೆಗೆ ಗಂಟಲಿನಲ್ಲೇ, "ಕೋಲು," ಎಂದ.

"ಆ ಕೋಲು ಇಲ್ಲದಿದ್ರೆ ರಾಕೆಟ್ಟು ನಿಲ್ತಿತ್ತಾ?"

"ನಿಲ್ತಿರ್ಲಿಲ್ಲ. ಆದ್ರೆ ನಾನು ಓಡಿ ಹಿಡೀತಿದ್ದೆ."

"ಅದು ಆಮೇಲಿನ ಮಾತು. ಸ್ವಿಚ್ಚು ಅಕ್ಕನದು." ಡ್ರೈವರಣ್ಣ ಬೆನ್ನು ತಿರುಗಿಸಿ ಬ್ಯಾಟರಿಯ ಕಡೆ ನಡೆದ. ಅಲ್ಲಿಗೆ ತೀರ್ಪಾಯಿತು.

ಮಾತ್ರೆ ಎದ್ದ. ಅಂಗಿಗೆ ಮೆತ್ತಿದ ಮಣ್ಣು ಕೊಡವಿಕೊಳ್ಳಲೂ ಇಲ್ಲ. ರಾಕೆಟ್ಟನ್ನು ಅಕ್ಕನ ಕೈಗೆ ಕೊಟ್ಟು, ದೂರ ಹೋಗಿ ನಿಂತ.

ಎರಡನೆಯ ರಾಕೆಟ್ಟನ್ನು ಸರಳಿಗೆ ಏರಿಸಿದರು. ಅಕ್ಕ ಕುರ್ಚಿಯಲ್ಲಿ ಕೂತು ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಡ್ರೈವರಣ್ಣ ಎಣಿಸಿದ. ಮೂರು ಬಂದಾಗ ಅವಳು ಬೆರಳನ್ನು ಸ್ವಿಚ್ಚಿನ ಮೇಲಿಟ್ಟಳು. ಸೊನ್ನೆ ಎಂದಾಗ ಕಣ್ಣು ಮುಚ್ಚದೆ, ಉಸಿರು ಬಿಡದೆ, ಒತ್ತಿದಳು. ನೆಲ ಒಮ್ಮೆ ಗದರಿದಂತಾಗಿ, ಬೆಂಕಿಯ ಚೂರು ಕಾಣಿಸಿ, ರಾಕೆಟ್ಟು ಅವಳ ಬೆರಳಿನಿಂದ ಹೊರಟಂತೆ ಮೇಲಕ್ಕೆ ಹೋಯಿತು. ಅಕ್ಕ ಬಾಯಿ ತೆರೆದು ನೋಡುತ್ತ ಕೂತಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ ತಟ್ಟಿದರು, ಬೇಕರಿಯವಳು ಕೈ ನೋಯುವಂತೆ ತಟ್ಟಿದಳು. ಮಾತ್ರೆಯೊಬ್ಬ ತಟ್ಟಲಿಲ್ಲ. ಕೈ ಕಟ್ಟಿಕೊಂಡು, ಮುಖ ಊದಿಸಿಕೊಂಡು, ಒದ್ದೆ ಹುಲ್ಲಿನ ಕಲೆ ಹತ್ತಿದ ಅಂಗಿಯಲ್ಲಿ ಬೇರೆಯೇ ಕಡೆ ನೋಡುತ್ತ ನಿಂತಿದ್ದ. ಅಕ್ಕ ಆ ಮುಖವನ್ನು ನೋಡಿದಳು. ಸ್ವಿಚ್ಚು ಒತ್ತಿದಾಗಲೂ ಅವಳಿಗೆ ಅಷ್ಟು ಖುಷಿಯಾಗಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅವಳಿಗೆ ನಿಜವಾಗಿ ಸೋತು, ನಿಜವಾಗಿ ಬೇಜಾರು ಮಾಡಿಕೊಂಡಿದ್ದ.

ಮೇಲೆ ಟಪ್ ಎಂದಿತು. ಮಾತ್ರೆ ತಲೆ ಎತ್ತಿದ, ಪ್ಯಾಂಟು ಮೇಲಕ್ಕೆಳೆದುಕೊಂಡ, ಓಡಿದ. ಅಕ್ಕ ಪೆಟ್ಟಿಗೆಯನ್ನು ತಮ್ಮನ ಕೈಗೆ ತುರುಕಿ, ಕೋಲು ಹಿಡಿದು ಎದ್ದು, ಅವನ ಹಿಂದೆಯೇ ಹೊರಟಳು.